ಚುಕ್ಕಿಯ ಉಬ್ಬಸ

ಟ್ರಾಟ್‌ಗೆ ಬಿಟ್ಟ ಮೂರನೇ ಸುತ್ತಿಗೆ ನನ್ನ ಕುದುರೆ ಚುಕ್ಕಿ ಕೆಮ್ಮಿದಳು. ಒಂದು ಸಲ, ಸ್ವಲ್ಪ ತಡೆದು ಇನ್ನೊಂದು ಸಲ. ಕೆಮ್ಮುವಾಗ ಕತ್ತು ಚಾಚಿ ತಲೆ ತಗ್ಗಿಸಿದ ರಭಸಕ್ಕೆ ಲಗಾಮು ನನ್ನ ಬೆರಳ ಸಂದಿಯಿಂದ ಜಾರಿತು. ಅರೀನಾದ ನಡುವೆ ನಿಂತಿದ್ದ ತರಬೇತುದಾರರು ಅಲ್ಲಿಂದಲೇ ಕೂಗಿದರು: “ಏನಿಲ್ಲ, ಗಂಟಲು ಸರಿ ಮಾಡ್ಕೊತಿದಾಳೆ. ನಿಲ್ಲಿಸ್ಬೇಡಿ, ಕಾಲು ಒತ್ತಿ.” ನಾನು ಒತ್ತಿದೆ. ಚುಕ್ಕಿ ಓಡಿದಳು.

ಹೀಗೇ ನಾಲ್ಕು ತಿಂಗಳು ಕಳೆಯಿತು. ಕ್ಯಾಂಟರ್, ಅಂದರೆ ಟ್ರಾಟ್‌ಗಿಂತ ವೇಗದ ಓಟ, ಕೇಳಿದರೆ ಅರ್ಧ ಸುತ್ತು ಓಡಿ ಟ್ರಾಟ್‌ಗೆ ಇಳಿದುಬಿಡುತ್ತಿದ್ದಳು. ಮೊದಲು ಲೀಲಾಜಾಲವಾಗಿ ಹಾರುತ್ತಿದ್ದ ಅಡ್ಡಗಂಬದ ಮುಂದೆ ಬಂದು ನಿಂತುಬಿಡುತ್ತಿದ್ದಳು. ಸೋಮಾರಿ ಎಂಬ ಹೆಸರು ಬಿತ್ತು. ರೇಸಿನಿಂದ ಬಂದ ಕುದುರೆ, ಕೆಲಸ ತಪ್ಪಿಸಿಕೊಳ್ಳುವ ಉಪಾಯವೆಲ್ಲ ಅದಕ್ಕೆ ಗೊತ್ತು ಎಂದವರೂ ಇದ್ದರು. ನಾನೂ ನಂಬಿದೆ. ಚಾವಟಿ ಮುಟ್ಟಿಸಿದ್ದೂ ಉಂಟು. ಆ ದಿನಗಳನ್ನು ನೆನೆದರೆ ಇವತ್ತಿಗೂ ಚುಕ್ಕಿಯ ಮುಖ ನೋಡಲು ನಾಚಿಕೆಯಾಗುತ್ತದೆ.

ಕಣ್ಣು ತೆರೆಸಿದವರು ಕುದುರೆಗಳನ್ನು ನೋಡಿಕೊಳ್ಳುವ ಲಾಯದ ಹಿರಿಯ ಸೈಸ್. ನಾವೆಲ್ಲ ಅವರನ್ನು ಚಾಚಾ ಎನ್ನುತ್ತೇವೆ. ಒಂದು ಬೆಳಿಗ್ಗೆ ಜೀನು ಹೊತ್ತು ಬಂದವಳನ್ನು ಬಾಗಿಲಲ್ಲೇ ತಡೆದರು. “ಜೀನು ಕೆಳಗಿಡಿ ಅಮ್ಮ. ಮೊದಲು ಇವಳ ಪಕ್ಕೆ ನೋಡಿ.”

ನೋಡಿದೆ. ಕೊನೆಯ ಪಕ್ಕೆಲುಬಿನ ಹಿಂದೆ, ಹೊಟ್ಟೆ ಸೊಂಟಕ್ಕೆ ಸೇರುವಲ್ಲಿ ಒಂದು ಗುಳಿ ಇರುತ್ತದೆ. ಉಸಿರಾಡಿದ ಹಾಗೆ ಅದು ಏರಿಳಿಯುತ್ತದೆ. ಚುಕ್ಕಿಯ ಗುಳಿ ಇಳಿಯುವಾಗ ಒಂದೇ ಸಲಕ್ಕೆ ಇಳಿಯುತ್ತಿರಲಿಲ್ಲ. ಅರ್ಧ ಇಳಿದು, ತಡೆದು, ಆಮೇಲೆ ಹೊಟ್ಟೆಯ ಸ್ನಾಯುಗಳೆಲ್ಲ ಬಿಗಿದು ಉಳಿದ ಗಾಳಿಯನ್ನು ನೂಕುತ್ತಿದ್ದವು. ನೂಕಿದಾಗಲೆಲ್ಲ ಪಕ್ಕೆಯ ಕೆಳಗೆ ಓರೆಯಾಗಿ ಒಂದು ಗೆರೆ ಮೂಡುತ್ತಿತ್ತು. ಮೂಗಿನ ಹೊಳ್ಳೆಗಳು ಅರಳಿದ್ದವು. ಆಗ ಅವಳು ಓಡಿ ಬಂದಿರಲಿಲ್ಲ, ಬಿಸಿಲಿನಲ್ಲಿ ನಿಂತಿರಲಿಲ್ಲ, ಸುಮ್ಮನೆ ತನ್ನ ಲಾಯದಲ್ಲಿ ನಿಂತಿದ್ದಳು. ಚಾಚಾ ಗಡಿಯಾರ ನೋಡಿ ಎಣಿಸಿದರು. ನಿಮಿಷಕ್ಕೆ 26. ಆರೋಗ್ಯವಂತ ಕುದುರೆ ವಿರಾಮವಾಗಿ ನಿಂತಿರುವಾಗ 8ರಿಂದ 16 ಸಲ ಉಸಿರಾಡುತ್ತದೆ. “ಇದು ದಮ್ಮು ಅಮ್ಮ. ಇವಳು ಸೋಮಾರಿ ಅಲ್ಲ, ಇವಳಿಗೆ ಗಾಳಿ ಸಾಲ್ತಿಲ್ಲ” ಎಂದರು.

ನಮ್ಮಮ್ಮನಿಗೆ ಉಬ್ಬಸವಿತ್ತು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇರುವಂತೆ. ಚಳಿಗಾಲದ ರಾತ್ರಿ ಗೋಡೆಗೆ ದಿಂಬು ಆನಿಸಿ, ಮೊಣಕಾಲ ಮೇಲೆ ಮೊಣಕೈ ಊರಿ ಅವಳು ಕೂತಿರುತ್ತಿದ್ದ ಭಂಗಿ ನನಗೆ ಬಾಯಿಪಾಠ. ಉಬ್ಬಸದಲ್ಲಿ ಉಸಿರು ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದೇ ಕಷ್ಟ ಎಂಬುದನ್ನು ಶಾಲೆಗೆ ಹೋಗುವ ಮೊದಲೇ ನೋಡಿ ಕಲಿತವಳು ನಾನು. ಅದೇ ಪಾಡು ನನ್ನ ತೊಡೆಗಳ ನಡುವೆಯೇ ನಡೆಯುತ್ತಿದ್ದರೂ ತಿಳಿಯಲಿಲ್ಲ.

ಮೂಗೇ ಗತಿ

ಕುದುರೆ ಬಾಯಿಂದ ಉಸಿರಾಡಲಾರದು. ಇದು ಕುದುರೆ ಏರುವ ಪ್ರತಿಯೊಬ್ಬರೂ ಮೊದಲ ದಿನ ತಿಳಿಯಬೇಕಾದ ವಿಷಯ, ಆದರೆ ಯಾರೂ ಹೇಳುವುದಿಲ್ಲ. ನಾವು ಓಡಿ ಸುಸ್ತಾದರೆ ಬಾಯಿ ತೆರೆದು ಏದುಸಿರು ಬಿಡುತ್ತೇವೆ, ನಾಯಿ ನಾಲಿಗೆ ಚಾಚುತ್ತದೆ. ಕುದುರೆಯ ಗಂಟಲಿನಲ್ಲಿ ಮೆದು ಅಂಗುಳು ಉಸಿರಿನ ದಾರಿಯನ್ನೂ ಬಾಯಿಯನ್ನೂ ಬೇರೆ ಮಾಡಿ ಮುಚ್ಚಿಬಿಟ್ಟಿರುತ್ತದೆ. ಎರಡು ಹೊಳ್ಳೆಗಳೇ ಅದಕ್ಕೆ ಇರುವ ದಾರಿ.

ಆ ದಾರಿಯಲ್ಲಿ ಹರಿಯಬೇಕಾದ ಗಾಳಿ ಎಷ್ಟು? ನಿಂತ ಕುದುರೆಗೆ ನಿಮಿಷಕ್ಕೆ 60-70 ಲೀಟರ್ ಸಾಕು. ನಾಗಾಲೋಟದಲ್ಲಿ ಅದು 1,500 ಲೀಟರ್ ದಾಟುತ್ತದೆ. ಒಂದೊಂದು ಉಸಿರಿಗೂ ಹನ್ನೆರಡು ಲೀಟರಿನಷ್ಟು, ಅಂದರೆ ಒಂದು ಬಕೆಟ್ ತುಂಬುವಷ್ಟು ಗಾಳಿ, ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ. ಕ್ಯಾಂಟರ್‌ನಲ್ಲೂ ನಾಗಾಲೋಟದಲ್ಲೂ ಉಸಿರು ಹೆಜ್ಜೆಗೆ ಕಟ್ಟಿಹಾಕಿದಂತಿರುತ್ತದೆ. ಮುಂಗಾಲು ಮುಂದೆ ಚಾಚಿದಾಗ ಗಾಳಿ ಒಳಕ್ಕೆ, ಮುಂಗಾಲು ನೆಲಕ್ಕೆ ಬಿದ್ದಾಗ ಹೊರಕ್ಕೆ. ಒಂದು ಹೆಜ್ಜೆಗೆ ಒಂದೇ ಉಸಿರು. ಗಾಳಿ ಪೂರ್ತಿ ಹೊರಗೆ ಹೋಗದೆ ಇದ್ದರೂ ಮುಂದಿನ ಹೆಜ್ಜೆ ಬಂದೇ ಬರುತ್ತದೆ, ಅದರ ಜೊತೆ ಮುಂದಿನ ಉಸಿರೂ. ಹಾಗಾಗಿ ಉಬ್ಬಸದ ಕುದುರೆಗೆ ಉಳಿದಿರುವ ಉಪಾಯ ಒಂದೇ: ಕ್ಯಾಂಟರ್ ಬಿಟ್ಟು ಟ್ರಾಟ್‌ಗೆ ಇಳಿಯುವುದು. ಚುಕ್ಕಿ ಅರ್ಧ ಸುತ್ತಿಗೇ ಇಳಿಯುತ್ತಿದ್ದುದು ಇದಕ್ಕೆ.

ಇನ್ನೂ ಒಂದು ಮಾತು. ಚೆನ್ನಾಗಿ ತರಬೇತಿ ಕೊಟ್ಟರೆ ಕುದುರೆಯ ಹೃದಯ ಬಲಿಯುತ್ತದೆ, ಸ್ನಾಯು ಬಲಿಯುತ್ತದೆ. ಶ್ವಾಸಕೋಶ ಹಾಗೆ ಬೆಳೆಯುವುದಿಲ್ಲ. ಓಡಿಸಿ ಓಡಿಸಿ ಉಸಿರಿನ ಶಕ್ತಿ ಹೆಚ್ಚಿಸುತ್ತೇನೆ ಎಂದು ಹೊರಟವರು ಇರುವುದನ್ನೂ ಕಳೆಯುತ್ತಾರೆ.

ಚಾಚಾ ಮಾತು ಕೇಳಿ ಪಶುವೈದ್ಯರನ್ನು ಕರೆಸಿದೆ. ಡಾಕ್ಟ್ರು ಬಂದು ಮೊದಲು ಜ್ವರ ನೋಡಿದರು. ಇದು ಸಣ್ಣ ವಿಷಯವಲ್ಲ. ಕೆಮ್ಮುವ ಕುದುರೆಗೆಲ್ಲ ಉಬ್ಬಸವಲ್ಲ. ಕುದುರೆಯ ಮೈಬಿಸಿ 38.5 ಡಿಗ್ರಿ ಸೆಲ್ಸಿಯಸ್ ದಾಟಿ, ಮೇವು ಬಿಟ್ಟು, ಮೂಗಿನಿಂದ ಕೀವು ಇಳಿಯುತ್ತಿದ್ದರೆ ಅದು ಸೋಂಕು. ಕುದುರೆ ಫ್ಲೂ 2008ರ ಜೂನ್‌ನಲ್ಲಿ ಜಮ್ಮುವಿನ ಕಟ್ರಾದಲ್ಲಿ ಕಾಣಿಸಿಕೊಂಡು ಮುಂದಿನ ವರ್ಷದ ಹೊತ್ತಿಗೆ ರಾಜ್ಯ ರಾಜ್ಯಗಳನ್ನು ಸುತ್ತಿತ್ತು. ಗ್ಲ್ಯಾಂಡರ್ಸ್ ಎಂಬ ಸೋಂಕು ಇನ್ನೂ ಭಯಂಕರ. ಅದು ಮನುಷ್ಯರಿಗೂ ಅಂಟುತ್ತದೆ, ಅನುಮಾನ ಬಂದರೂ ಪಶು ಇಲಾಖೆಗೆ ತಿಳಿಸುವುದು ಕಾನೂನು. ಉಸಿರು ಎಳೆದುಕೊಳ್ಳುವಾಗ ಗರಗಸದಂಥ ಸದ್ದು ಬಂದರೆ ಗಂಟಲಿನ ಎಡಭಾಗದ ನರ ಸೋತಿರಬಹುದು. ಎತ್ತರದ ಕುದುರೆಗಳಲ್ಲಿ ಇದು ಹೆಚ್ಚು, ಶಸ್ತ್ರಚಿಕಿತ್ಸೆಯೂ ಇದೆ. ರೇಸಿನ ಕುದುರೆಗಳಿಗೆ ನಾಗಾಲೋಟದ ಒತ್ತಡಕ್ಕೆ ಶ್ವಾಸಕೋಶದೊಳಗೇ ರಕ್ತ ಜಿನುಗುವುದುಂಟು. ಇವೆಲ್ಲವನ್ನೂ ಹೊರಗಿಟ್ಟ ಮೇಲೆಯೇ ಉಬ್ಬಸದ ಮಾತು.

ಚುಕ್ಕಿಗೆ ಜ್ವರವಿರಲಿಲ್ಲ. ಡಾಕ್ಟ್ರು ಅವಳ ಮೂಗಿನ ಮೇಲೆ ದೊಡ್ಡ ಪ್ಲಾಸ್ಟಿಕ್ ಚೀಲ ಸಡಿಲವಾಗಿ ಹಿಡಿದರು. ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಂಡಾಗ ಕುದುರೆ ಆಳವಾಗಿ ಉಸಿರಾಡುತ್ತದೆ, ಆಗ ಎದೆಯ ಸದ್ದು ಸ್ಪಷ್ಟ ಕೇಳುತ್ತದೆ. ಸ್ಟೆತಸ್ಕೋಪ್ ನನ್ನ ಕಿವಿಗೂ ಕೊಟ್ಟರು. ಒಳಗೆ ಕೊಳಲಿನ ತೂತು ಅರ್ಧ ಮುಚ್ಚಿ ಊದಿದಂತೆ ಸಿಳ್ಳೆ. ಅಮ್ಮನ ಬೆನ್ನಿಗೆ ಕಿವಿಯಿಟ್ಟು ಕೇಳಿದ್ದ ಅದೇ ಸಿಳ್ಳೆ. ಮಾರನೇ ವಾರ ಮಂಪರು ಬರುವ ಇಂಜೆಕ್ಷನ್ ಕೊಟ್ಟು, ಮೂಗಿನಿಂದ ಕೊಳವೆ ಇಳಿಸಿ, ಶ್ವಾಸಕೋಶದ ಒಂದು ಮೂಲೆಗೆ ಉಪ್ಪುನೀರು ಬಿಟ್ಟು ಹಿಂದಕ್ಕೆ ಎಳೆದರು. ಹೊರಬಂದ ನೊರೆನೀರನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಉರಿಯೂತದ ಗುರುತಾದ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಆರೋಗ್ಯವಂತ ಕುದುರೆಯಲ್ಲಿ ನೂರಕ್ಕೆ ಐದರೊಳಗೆ ಇರುತ್ತವೆ. 25 ದಾಟಿದರೆ ಉಬ್ಬಸ ತೀವ್ರವಾಗಿದೆ ಎಂದರ್ಥ. ಚುಕ್ಕಿಯದು 30ಕ್ಕಿಂತ ಮೇಲಿತ್ತು.

“ಗುಣ ಆಗುತ್ತಾ ಸರ್?”

“ಗುಣ ಆಗಲ್ಲ. ಹತೋಟೀಲಿ ಇಡಬಹುದು. ಅದು ನನ್ನ ಕೈಯಲ್ಲಿ ಸ್ವಲ್ಪ, ನಿಮ್ಮ ಕೈಯಲ್ಲಿ ಬಹಳ ಇದೆ.”

ಕಾಯಿಲೆ ಹಳೆಯದು. ಇಂಗ್ಲೆಂಡಿನ ವೈದ್ಯ ಸರ್ ಜಾನ್ ಫ್ಲಾಯರ್ 1698ರಲ್ಲಿ ಉಬ್ಬಸದ ಮೇಲೆ ಗ್ರಂಥ ಬರೆದಾಗ, ಉಸಿರು ಕೆಟ್ಟಿದ್ದ ಹೆಣ್ಣು ಕುದುರೆಯೊಂದರ ಶ್ವಾಸಕೋಶವನ್ನು ಕೊಯ್ದು ನೋಡಿದ್ದನ್ನು ದಾಖಲಿಸಿದ್ದಾನೆ. ಫ್ಲಾಯರ್ ಸ್ವತಃ ಉಬ್ಬಸದ ರೋಗಿ. ತನ್ನ ಎದೆಯೊಳಗೆ ಏನಾಗುತ್ತಿದೆ ಎಂಬುದನ್ನು ಅವನು ಒಂದು ಕುದುರೆಯಲ್ಲಿ ಹುಡುಕಿದ. ನಮ್ಮಲ್ಲೂ ಕುದುರೆಯ ವೈದ್ಯಕ್ಕೆ ದೊಡ್ಡ ಪರಂಪರೆಯಿದೆ. ಶಾಲಿಹೋತ್ರನ ಹೆಸರಿನಲ್ಲಿ ಸಂಸ್ಕೃತದಲ್ಲಿ ಬೆಳೆದ ಆ ಶಾಸ್ತ್ರ ಕನ್ನಡಕ್ಕೂ ಬಂತು. 17ನೇ ಶತಮಾನದಲ್ಲಿ ಮೈಸೂರು ಅರಸರ ಆಶ್ರಯದಲ್ಲಿ ಪದ್ಮಣ ಪಂಡಿತ ‘ಹಯಸಾರ ಸಮುಚ್ಚಯ’ ಬರೆದ. ಕನ್ನಡದಲ್ಲಿ ಅಶ್ವವೈದ್ಯ ಬರೆಯುತ್ತಿದ್ದ ಕಾಲವಿತ್ತು. ಇವತ್ತು ಲಾಯದಲ್ಲಿ ಕೆಲಸ ಮಾಡುವ ಹುಡುಗನ ಕೈಗೆ ಕೊಡಲು ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿಗಾಗಿ ನಾನು ಹುಡುಕಿ ಸೋತೆ.

ಈ ಕಾಲದ ವೈದ್ಯರು ಈ ಕಾಯಿಲೆಯ ಹೆಸರು ಬದಲಿಸುತ್ತಲೇ ಬಂದರು. ಬಹುಕಾಲ ಇದನ್ನು ಬೀಡಿ ಸಿಗರೇಟು ಸೇದುವವರಿಗೆ ಬರುವ ಸಿಒಪಿಡಿಯ ಹೆಸರಿನಿಂದಲೇ ಕರೆದರು. 2000ದಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಸೇರಿದ ತಜ್ಞರು ಅದು ಸರಿಯಲ್ಲ ಎಂದರು. 2016ರ ಹೊತ್ತಿಗೆ ಸೌಮ್ಯದಿಂದ ತೀವ್ರದವರೆಗೆ ಎಲ್ಲಕ್ಕೂ ಕುದುರೆಯ ಅಸ್ತಮಾ ಎಂಬ ಒಂದೇ ಹೆಸರು ನೆಲೆಗೊಂಡಿತು. ನಮ್ಮ ಚಾಚಾ ಮೊದಲಿಂದಲೂ ಹೇಳುತ್ತಿದ್ದುದು ಅದನ್ನೇ.

ಬೆಳಕಿನ ಕೋಲಿನಲ್ಲಿ ಕಂಡದ್ದು

ಡಾಕ್ಟ್ರು ಔಷಧಿ ಚೀಟಿ ಬರೆಯುವ ಮೊದಲು ನನ್ನನ್ನು ಲಾಯದೊಳಗೆ ಕರೆದರು. “ಕುಕ್ಕರುಗಾಲಲ್ಲಿ ಕೂತ್ಕೊಳ್ಳಿ” ಎಂದರು. ಕೂತೆ. ಮೂಗು ನೆಲದಿಂದ ಒಂದಡಿ ಮೇಲೆ ಬಂದಾಗ ಗಂಜಲದ ಘಾಟು ಕಣ್ಣಿಗೆ ಹೊಡೆಯಿತು, ನೀರು ಬಂತು. ನಿಂತವರ ಮೂಗಿಗೆ ಆ ಘಾಟು ಅಷ್ಟಾಗಿ ತಾಗುವುದಿಲ್ಲ. ಮಲಗಿದ ಕುದುರೆ, ನೆಲದ ಮೇವಿಗೆ ಬಾಗಿದ ಕುದುರೆ ಎಳೆದುಕೊಳ್ಳುವುದು ಆ ಗಾಳಿಯನ್ನೇ.

ಆಮೇಲೆ ಅವರು ಒಣಹುಲ್ಲಿನ ಒಂದು ಹಿಡಿ ತೆಗೆದು, ಕಿಟಕಿಯಿಂದ ಬೀಳುತ್ತಿದ್ದ ಬಿಸಿಲ ಕೋಲಿನಲ್ಲಿ ಜೋರಾಗಿ ಕೊಡವಿದರು. ಬೂದಿ ಊದಿದ ಹಾಗೆ ಎದ್ದಿತು. ಐದು ನಿಮಿಷ ಕಳೆದರೂ ಆ ಕೋಲಿನಲ್ಲಿ ಕಣಗಳು ತೇಲುತ್ತಲೇ ಇದ್ದವು. “ಕಾಣೋದು ದೊಡ್ಡವು, ಮೂಗಲ್ಲೇ ನಿಲ್ತವೆ. ಕಾಣದೇ ಇರೋವು ಒಳಗೆ ಹೋಗ್ತವೆ” ಎಂದರು. ಐದು ಮೈಕ್ರಾನಿಗಿಂತ ಸಣ್ಣವು ಶ್ವಾಸಕೋಶದ ಕೊನೆಯ ಕವಲಿನವರೆಗೂ ತಲುಪುತ್ತವೆ. ಬೂಷ್ಟಿನ ಬೀಜಕಣಗಳು ಇರುವುದು ಆ ಅಳತೆಯಲ್ಲೇ. ಹುಲ್ಲು ಕಟ್ಟುವಾಗ ನೂರಕ್ಕೆ 20ಕ್ಕಿಂತ ಹೆಚ್ಚು ತೇವ ಉಳಿದರೆ ಕಟ್ಟಿನ ಒಳಗೇ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟು, ಸತ್ತ ಬ್ಯಾಕ್ಟೀರಿಯಾಗಳ ಚೂರುಗಳು, ಹುಲ್ಲಿನ ಪುಡಿ ಎಲ್ಲ ಸೇರಿ ಒಳಗಿನ ನಳಿಕೆಗಳನ್ನು ಕೆರಳಿಸುತ್ತವೆ. ನಳಿಕೆ ಊದಿಕೊಳ್ಳುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ತುಂಬುತ್ತದೆ.

ನಮ್ಮ ಲಾಯದಲ್ಲಿ ಹುಲ್ಲಿನ ಕಟ್ಟುಗಳು ಕುದುರೆಗಳ ತಲೆಯ ಮೇಲೆ, ಅಟ್ಟದಲ್ಲೇ ಇದ್ದವು. ಪ್ರತಿ ಸಂಜೆ ಮೇಲಿಂದ ಕೆಳಕ್ಕೆ ಎಸೆಯುತ್ತಿದ್ದೆವು. ಜೂನ್‌ನಿಂದ ಅಕ್ಟೋಬರ್‌ವರೆಗೆ ಹೆಂಚಿನ ಸಂದಿಯಿಂದ ಮಳೆ ತೊಟ್ಟಿಕ್ಕಿ ಅಂಚಿನ ಕಟ್ಟುಗಳು ಕಪ್ಪಾಗುತ್ತಿದ್ದವು. ಕಪ್ಪು ತೆಗೆದು ಒಳಗಿನದನ್ನು ಹಾಕುತ್ತಿದ್ದೆವು. ಹಾಸಿಗೆಗೆ ಭತ್ತದ ಹುಲ್ಲು. ಸಂಜೆ ಸೊಳ್ಳೆ ಓಡಿಸಲು ಕಸ ಒಟ್ಟಿ ಬೇವಿನ ಸೊಪ್ಪಿನ ಹೊಗೆ. ಇದೆಲ್ಲವನ್ನೂ ಕುದುರೆಯ ಮೇಲಿನ ಪ್ರೀತಿಯಿಂದಲೇ ಮಾಡುತ್ತಿದ್ದೆವು.

ಮೊದಲು ಹೋದದ್ದು ಹೊಗೆ. ಸೊಳ್ಳೆಗೆ ಬಾಗಿಲು ಕಿಟಕಿಗೆ ಪರದೆ ಹಾಕಿಸಿದೆ, ಫ್ಯಾನು ಕಟ್ಟಿಸಿದೆ. ಅಟ್ಟ ಖಾಲಿಯಾಗಿ ಹುಲ್ಲು ಅಂಗಳದಾಚೆಯ ಶೆಡ್ಡಿಗೆ ಹೋಯಿತು. ಚುಕ್ಕಿಯನ್ನು ಸಾಲಿನ ಕೊನೆಯ ಲಾಯದಲ್ಲಿ ಕಟ್ಟಿದೆವು. ಅಲ್ಲಿ ಎರಡು ಕಡೆ ಗಾಳಿಯಾಡುತ್ತದೆ. ಹಾಸಿಗೆಗೆ ರಬ್ಬರ್ ಚಾಪೆ, ಅದರ ಮೇಲೆ ಬಡಗಿಯ ಉಜ್ಜುಗೊರಡಿನಿಂದ ಬರುವ ಅಗಲ ಹೆರೆ. ಗರಗಸದ ನುಣ್ಣನೆಯ ಪುಡಿ ಬೇಡವೇ ಬೇಡ. ಗುಡಿಸುವ ಮೊದಲು ಕುದುರೆಯನ್ನು ಹೊರಗೆ ಕಟ್ಟಿ, ಹಳ್ಳಿಮನೆಯ ಅಂಗಳ ಗುಡಿಸುವಾಗ ಮಾಡುವಂತೆ ನೀರು ಚಿಮುಕಿಸಿ ಗುಡಿಸುವುದು. ಮೈ ಉಜ್ಜಿ ಖರಾರ ಹೊಡೆಯುವುದೂ ಹೊರಗೆ ಮರದ ಕೆಳಗೆ.

ಮೂರು ವಾರ ಕಳೆದರೂ ಉಸಿರಿನ ಲೆಕ್ಕ 20ರ ಕೆಳಗೆ ಇಳಿಯಲಿಲ್ಲ. ಕಾರಣ ಪಕ್ಕದ ಕುದುರೆ. ಅದರ ಹಾಸಿಗೆ ಇನ್ನೂ ಭತ್ತದ ಹುಲ್ಲೇ, ನಡುವಿನ ಗೋಡೆ ಎದೆಮಟ್ಟದ್ದು. ಒಂದೇ ಸೂರಿನ ಕೆಳಗೆ ಒಂದು ಕುದುರೆಗೆ ಮಾತ್ರ ಶುದ್ಧ ಗಾಳಿ ಕೊಡಲಾಗುವುದಿಲ್ಲ. ಆ ಕುದುರೆಯ ಮಾಲೀಕರ ಮನೆಗೆ ಹೋಗಿ, ಕಾಫಿ ಕುಡಿದು, ಹೆರೆಯ ಅರ್ಧ ಖರ್ಚು ನಾನೇ ಕೊಡುತ್ತೇನೆ ಎಂದು ಒಪ್ಪಿಸಿ ಬಂದೆ. ಹತ್ತು ದಿನಕ್ಕೆ ಲೆಕ್ಕ 16ಕ್ಕೆ ಬಂತು.

ನೆನೆಸಿದ ಹುಲ್ಲು

ಮೇವಿನ ಕೆಲಸ ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಬೇಸರದ್ದು, ಎಲ್ಲಕ್ಕಿಂತ ಫಲ ಕೊಟ್ಟದ್ದು.

ಅತ್ಯುತ್ತಮವಾದದ್ದು ಹಸಿಮೇವು ಮತ್ತು ಬಯಲು. ಕುಣಿಗಲ್ ಕುದುರೆ ಫಾರಂನಂಥ ವಿಶಾಲ ಹುಲ್ಲುಗಾವಲಿನಲ್ಲಿ ತಾಯಿ ಮರಿ ಒಟ್ಟಿಗೆ ಮೇಯುತ್ತಾ ಬೆಳೆದ ಕುದುರೆ, ಆಮೇಲೆ ದಿನಕ್ಕೆ ಇಪ್ಪತ್ತೆರಡು ಗಂಟೆ ಹನ್ನೆರಡಡಿ ಚೌಕದಲ್ಲಿ ಒಣಹುಲ್ಲಿಗೆ ಮೂಗಿಟ್ಟು ನಿಲ್ಲುವಾಗಲೇ ಈ ಕಾಯಿಲೆಯ ಬೀಜ ಬೀಳುತ್ತದೆ. ನಗರದಲ್ಲಿ ಹುಲ್ಲುಗಾವಲು ಎಲ್ಲಿಂದ ತರುವುದು? ಸಿಕ್ಕಷ್ಟು ಗರಿಕೆ, ನೇಪಿಯರ್, ಕುದುರೆ ಮಸಾಲೆ ಸೊಪ್ಪು. ಲೂಸರ್ನ್ ಎಂಬ ಮೇವಿಗೆ ಕನ್ನಡಿಗರು ಕುದುರೆಯ ಹೆಸರನ್ನೇ ಇಟ್ಟಿದ್ದಾರೆ ಎಂಬುದು ನನಗೆ ಬಲು ಪ್ರೀತಿಯ ಸಂಗತಿ. ಆದರೆ ಸೊಪ್ಪನ್ನೇ ಹೊಟ್ಟೆ ತುಂಬ ಹಾಕಿದರೆ ಹೊಟ್ಟೆ ಉಬ್ಬರಿಸುತ್ತದೆ. ನಾರಿಗೆ ಒಣಹುಲ್ಲು ಬೇಕೇ ಬೇಕು.

ಆ ಒಣಹುಲ್ಲನ್ನು ನೆನೆಸಬೇಕು. ಮೇಲೆ ನೀರು ಚಿಮುಕಿಸಿದರೆ ಸಾಲದು, ಇಡೀ ಹುಲ್ಲು ತೊಟ್ಟಿಯಲ್ಲಿ ಮುಳುಗಬೇಕು, ಮೇಲೊಂದು ಕಲ್ಲು ಹೇರಬೇಕು. ಅರ್ಧ ಗಂಟೆ ಸಾಕು. ತೆಗೆದಾಗ ನೀರು ಟೀ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಚೆಲ್ಲಿ, ಪ್ರತಿ ಸಲ ಹೊಸ ನೀರು. ಒದ್ದೆ ಇರುವಾಗಲೇ ತಿನ್ನಿಸಬೇಕು. ಒಣಗಿದರೆ ಧೂಳು ಮತ್ತೆ ಎದ್ದುಕೊಳ್ಳುತ್ತದೆ. ಹೀಗೆ ಮಾಡಿದರೆ ಎದೆಗೆ ಇಳಿಯುವ ಕಣಗಳಲ್ಲಿ ಬಹುಪಾಲು ಅಲ್ಲೇ ಕಟ್ಟಿಹೋಗುತ್ತವೆ.

ಮೊದಲ ವಾರ ಜಾಸ್ತಿ ನೆನೆದರೆ ಜಾಸ್ತಿ ಒಳ್ಳೆಯದು ಎಂದುಕೊಂಡು ರಾತ್ರಿಯಿಡೀ ನೆನೆಹಾಕಿದೆ. ಏಪ್ರಿಲ್ ತಿಂಗಳು. ಬೆಳಿಗ್ಗೆ ತೊಟ್ಟಿ ಹುಳಿ ವಾಸನೆ ಹೊಡೆಯುತ್ತಿತ್ತು, ಚುಕ್ಕಿ ಮೂಸಿ ಮುಖ ತಿರುಗಿಸಿದಳು. ಸೆಕೆಯಲ್ಲಿ ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಹುಲ್ಲಿನ ಸಕ್ಕರೆ ಲವಣಗಳೂ ನೀರಿಗೆ ಹೋಗುತ್ತವೆ. ಆ ನಷ್ಟ ತುಂಬಲು ಈಗ ಚಂದಿಗೆ, ಅಂದರೆ ಕಾಳಿನ ಮೇವಿಗೆ, ಖನಿಜ ಮಿಶ್ರಣ ಸೇರಿಸುತ್ತೇವೆ. ಹುರುಳಿ ಬೇಯಿಸಿದ್ದು, ಬೂಸಾ ಕಲಸಿದ್ದು, ಓಟ್ಸ್ ಎಲ್ಲವೂ ಒದ್ದೆಯಾಗಿಯೇ ಹೋಗುತ್ತವೆ. ಕೆಲವು ಕಡೆ ಹುಲ್ಲನ್ನು ಆವಿಯಲ್ಲಿ ಬೇಯಿಸುವ ಪೆಟ್ಟಿಗೆಗಳಿವೆ, ಅವು ಬೂಷ್ಟನ್ನು ಕೊಲ್ಲುತ್ತವೆ. ಆದರೆ ಕಟ್ಟಿನ ನಡುಮಧ್ಯದವರೆಗೂ ಕುದಿಯುವ ಬಿಸಿ ತಲುಪಬೇಕು. ಅರೆಬಿಸಿಯಾದರೆ ಕೆಡುಕೇ ಹೆಚ್ಚು.

ಮತ್ತೊಂದು. ಹುಲ್ಲನ್ನು ಬಲೆಚೀಲದಲ್ಲಿ ತುಂಬಿ ಗೋಡೆಗೆ ತೂಗುಹಾಕುವ ಪದ್ಧತಿ ಬಿಟ್ಟೆವು. ಕುದುರೆ ಬಲೆಯೊಳಗೆ ಮೂಗು ತೂರಿಸಿ ಎಳೆದೆಳೆದು ತಿನ್ನುತ್ತದೆ, ಧೂಳು ಸೀದಾ ಹೊಳ್ಳೆಗೆ. ನೆಲದ ಮೇಲೆ ಇಟ್ಟರೆ ತಲೆ ತಗ್ಗಿಸಿ ತಿನ್ನುತ್ತದೆ, ಕಫವೂ ತಾನಾಗಿ ಕೆಳಗೆ ಇಳಿದುಬರುತ್ತದೆ. ಬಯಲಲ್ಲಿ ಮೇಯುವ ಕುದುರೆಯ ತಲೆ ದಿನದ ಬಹುಪಾಲು ನೆಲದ ಮಟ್ಟದಲ್ಲೇ ಇರುತ್ತದೆ.

ಇಷ್ಟಾದರೂ ಒಮ್ಮೆ ಎಡವಿದೆವು. ಮದುವೆಗೆಂದು ಮೂರು ದಿನ ಊರಿಗೆ ಹೋಗಿದ್ದೆ. ಚಾಚಾನೂ ರಜೆ. ಹೊಸ ಹುಡುಗ ನೀರು ಬರಲಿಲ್ಲವೆಂದು ಎರಡು ಹೊತ್ತು ಒಣಹುಲ್ಲು ಹಾಗೇ ಹಾಕಿದ್ದ. ನಾನು ಬರುವಷ್ಟರಲ್ಲಿ 14ಕ್ಕೆ ಇಳಿದಿದ್ದ ಉಸಿರು 24ಕ್ಕೆ ಏರಿತ್ತು. ಎರಡೇ ಹೊತ್ತಿನ ಹುಲ್ಲು. ಸರಿಯಾಗಲು ಮೂರು ವಾರ ಹಿಡಿಯಿತು. ಹುಡುಗನದು ತಪ್ಪಲ್ಲ, ಯಾಕೆ ನೆನೆಸುತ್ತೇವೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಕೈಹಿಡಿದು ಬಿಸಿಲ ಕೋಲಿನ ಮುಂದೆ ನಿಲ್ಲಿಸಿ ಹುಲ್ಲು ಕೊಡವಿ ತೋರಿಸಿದೆ. ಈಗ ಲಾಯದಲ್ಲಿ ಎಲ್ಲರಿಗಿಂತ ಅವನೇ ಕಟ್ಟುನಿಟ್ಟು.

ಔಷಧಿ ಬೇಡವೆಂದಲ್ಲ. ಉಸಿರಿಗಾಗಿ ಕುದುರೆ ಒದ್ದಾಡುತ್ತಿರುವಾಗ ಗಾಳಿ ಬದಲಾಗಲಿ ಎಂದು ಕಾಯುವುದು ಕ್ರೌರ್ಯ. ಚುಕ್ಕಿಗೆ ಮೊದಲು ಡೆಕ್ಸಾಮೆಥಸೋನ್ ಇಂಜೆಕ್ಷನ್, ಆಮೇಲೆ ಪ್ರೆಡ್ನಿಸೊಲೋನ್ ಮಾತ್ರೆ ಬೆಲ್ಲದಲ್ಲಿ ಸುತ್ತಿ, ದಿನದಿಂದ ದಿನಕ್ಕೆ ಇಳಿಸುತ್ತಾ ಕೊಟ್ಟರು. ಇವು ಸ್ಟೆರಾಯ್ಡ್‌ಗಳು. ಉರಿಯೂತವನ್ನು ತಗ್ಗಿಸುತ್ತವೆ, ಆದರೆ ಕೆಲವು ಕುದುರೆಗಳಲ್ಲಿ ಗೊರಸಿನ ಒಳಪದರಕ್ಕೆ ಉರಿ ತಂದು ಕಾಲನ್ನೇ ಕಸಿಯಬಲ್ಲವು. ಅಂಗಡಿಯಲ್ಲಿ ಕೇಳಿ ತಂದು ಹಾಕುವ ಔಷಧಿಯಲ್ಲ. ನಳಿಕೆ ಅಗಲಿಸುವ ಕ್ಲೆನ್‌ಬ್ಯುಟರಾಲ್, ಸಾಲ್ಬ್ಯುಟಮಾಲ್‌ಗಳೂ ಇವೆ. ಅವುಗಳ ಅಪಾಯ ಬೇರೆ ಥರದ್ದು. ಉಸಿರು ಸಲೀಸಾದಂತೆ ಕಾಣುತ್ತದೆ, ಉರಿಯೂತ ಹಾಗೇ ಇರುತ್ತದೆ, ಅಗಲವಾದ ನಳಿಕೆಯಲ್ಲಿ ಧೂಳು ಇನ್ನೂ ಆಳಕ್ಕೆ ಇಳಿಯುತ್ತದೆ. ಸ್ಪರ್ಧೆಗೆ ಹೋಗುವವರು ಯಾವ ಔಷಧಿಯನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಡಾಕ್ಟ್ರನ್ನು ಕೇಳಲೇಬೇಕು. 2020ರಲ್ಲಿ ಯುರೋಪಿನಲ್ಲಿ ಕುದುರೆಗೆಂದೇ ಮಾಡಿದ ಇನ್‌ಹೇಲರ್‌ಗೆ ಅನುಮತಿ ಸಿಕ್ಕಿದೆ. ಮೂಗಿನ ಹೊಳ್ಳೆಗೆ ಹಿಡಿದು ಸ್ಟೆರಾಯ್ಡನ್ನು ನೇರ ಎದೆಗೆ ಕಳಿಸುತ್ತದೆ, ಮೈಯೆಲ್ಲ ಹರಡುವುದು ಕಡಿಮೆ. ನಾವು ಚುಕ್ಕಿಗೆ ಮುಖಕ್ಕೆ ಕಟ್ಟುವ ನೆಬ್ಯುಲೈಸರ್‌ನಲ್ಲೇ ಸುಧಾರಿಸಿಕೊಂಡಿದ್ದೇವೆ. ಮೃಗಶಿರ ಮಳೆಯ ಹೊತ್ತಿಗೆ ಹೈದರಾಬಾದಿಗೆ ಉಬ್ಬಸಕ್ಕೆ ಕೊಡುವ ಮೀನಿನ ಔಷಧಕ್ಕೆಂದು ಹೋಗುವವರ ಜೊತೆ ಅಮ್ಮನೂ ಎರಡು ಸಲ ಹೋಗಿ ಬಂದಿದ್ದಳು. ಒಂದೇ ಗುಟುಕಿಗೆ ಉಬ್ಬಸ ಹೋಗಲಿ ಎಂಬ ಆಸೆ ನನಗೆ ಅರ್ಥವಾಗುತ್ತದೆ. ಹೋಗುವುದಿಲ್ಲ.

ಇನ್ನು ಸವಾರಿ. ಸವಾರಿ ಮಾಡಬಹುದೇ ಎಂದು ಬಹಳ ಮಂದಿ ಕೇಳುತ್ತಾರೆ. ನಿಂತಲ್ಲೇ ಹೊಟ್ಟೆಯಿಂದ ನೂಕಿ ಉಸಿರಾಡುವ ಕುದುರೆಯ ಮೇಲೆ ಯಾರೂ ಕೂರಬಾರದು, ಇದರಲ್ಲಿ ಎರಡು ಮಾತಿಲ್ಲ. ಹತೋಟಿಗೆ ಬಂದ ಮೇಲೆ ಹದವಾದ ಕೆಲಸ ಒಳ್ಳೆಯದೇ. ಚುಕ್ಕಿಯ ಮೇಲೆ ಐದು ತಿಂಗಳ ನಂತರ ಕೂತೆ. ಮೊದಲ ಇಪ್ಪತ್ತು ನಿಮಿಷ ಬರೀ ನಡಿಗೆ, ಲಗಾಮು ಪೂರ್ತಿ ಸಡಿಲ. ಅವಳು ತಲೆ ತಗ್ಗಿಸಿ, ಮೂಗು ಕೊಡವಿ, ಫುರ್ ಎಂದು ಸೀನಿ ತನ್ನನ್ನು ತಾನೇ ಸಿದ್ಧಮಾಡಿಕೊಳ್ಳುತ್ತಾಳೆ. ಗದ್ದ ಎದೆಗೆ ತಾಗುವ ಹಾಗೆ ಲಗಾಮು ಬಿಗಿಯುವುದು ನೋಡಲು ಚೆಂದವಿರಬಹುದು, ಆಗ ಗಂಟಲಿನ ದಾರಿ ಮಡಿಚಿ ಕಿರಿದಾಗುತ್ತದೆ. ಅದನ್ನು ಬಿಟ್ಟೆ. ಮೂಗುಪಟ್ಟಿ ಹೊಳ್ಳೆಯ ಮೇಲಿನ ಮೃದು ಭಾಗಕ್ಕೆ ಇಳಿಯದಂತೆ ಎರಡು ತೂತು ಮೇಲೆ ಕಟ್ಟುತ್ತೇನೆ. ಅರೀನಾದ ಮರಳಿಗೆ ಮೊದಲೇ ನೀರು ಹೊಡೆಸುತ್ತೇವೆ. ಗುಂಪಿನಲ್ಲಿ ಹೊರಟರೆ ನಾವೇ ಮುಂದೆ, ಬೇರೆಯವರ ಧೂಳು ಅವಳಿಗೆ ಬೇಡ. ಪಟಾಕಿ ಹೊಗೆಯ ದೀಪಾವಳಿ ವಾರ ಸವಾರಿಯಿಲ್ಲ.

ಕೆಲಸ ಶುರುವಾಗುವಾಗ ಒಂದೆರಡು ಕೆಮ್ಮು ಸಹಜ ಎಂಬ ನಂಬಿಕೆ ಸವಾರರಲ್ಲಿ ಬಲವಾಗಿದೆ. ಅದು ಸುಳ್ಳು. ಕುದುರೆ ಸುಲಭಕ್ಕೆ ಕೆಮ್ಮುವ ಪ್ರಾಣಿಯಲ್ಲ. ನಳಿಕೆ ಕೆರಳಿದ್ದರೂ ಕೆಮ್ಮದೆ ಇರುವ ಕುದುರೆಗಳು ಬಹಳ. ಆದ್ದರಿಂದ ಕೆಮ್ಮಿತೆಂದರೆ ಒಳಗೆ ಏನೋ ಇದೆ ಎಂದೇ ಹಿಡಿಯಬೇಕು. ಈಗ ಚುಕ್ಕಿ ಒಮ್ಮೆ ಕೆಮ್ಮಿದರೆ ನಡಿಗೆಗೆ ಇಳಿಸುತ್ತೇನೆ. ಎರಡನೇ ಸಲಕ್ಕೆ ಇಳಿದು, ಜೀನಿನ ಹೊಟ್ಟೆಪಟ್ಟಿ ಸಡಿಲಿಸಿ, ಪಕ್ಕದಲ್ಲಿ ನಡೆದು ಮನೆಗೆ ಕರೆತರುತ್ತೇನೆ.

ಅವಳು ಇನ್ನು ಅಡ್ಡಗಂಬ ಹಾರುವುದಿಲ್ಲ. ಸ್ಪರ್ಧೆಗೆ ಹೋಗುವುದಿಲ್ಲ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಮುಕ್ಕಾಲು ಗಂಟೆ, ಹೆಚ್ಚಿನ ಪಾಲು ನಡಿಗೆ ಮತ್ತು ಟ್ರಾಟ್. ತಂಪಾದ ಬೆಳಗುಗಳಲ್ಲಿ, ಅವಳಾಗಿಯೇ ಕೇಳಿದರೆ, ಒಂದು ಸುತ್ತು ಕ್ಯಾಂಟರ್. ಹೆಜ್ಜೆಗೊಂದು ಉಸಿರು ಕಿವಿಗೆ ಕೇಳುತ್ತದೆ. ಆ ಸದ್ದು ಕೆಟ್ಟರೆ ನಿಲ್ಲಿಸಲು ಕಲಿತಿದ್ದೇನೆ.

ರೇಸು ಮುಗಿಸಿದ ಕುದುರೆಗಳು ಬೆಂಗಳೂರು ಮೈಸೂರುಗಳ ಸವಾರಿ ಶಾಲೆಗಳಿಗೆ ಬರುತ್ತವೆ. ಬರುವಾಗಲೇ ಎಷ್ಟೋ ವರ್ಷ ಲಾಯದ ಗಾಳಿ ಕುಡಿದಿರುತ್ತವೆ. ಅವುಗಳ ಮೇಲೆ ದಿನಕ್ಕೆ ನಾಲ್ಕೈದು ಮಕ್ಕಳು ಸರದಿಯಂತೆ ಕೂತು ಕಲಿಯುತ್ತಾರೆ. ಮಕ್ಕಳನ್ನು ಕರೆತರುವ ತಂದೆತಾಯಿಗಳು ಹೆಲ್ಮೆಟ್ ಇದೆಯಾ, ಬಿದ್ದರೆ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳುತ್ತಾರೆ. ಕೇಳಲೇಬೇಕು. ಜೊತೆಗೆ ಇನ್ನೂ ಎರಡು ಕೇಳಿ: ಹುಲ್ಲು ಎಲ್ಲಿಡುತ್ತೀರಿ, ನೆನೆಸಿ ಹಾಕುತ್ತೀರಾ? ದುಡ್ಡು ಕೊಡುವವರು ಕೇಳಿದ್ದನ್ನು ಶಾಲೆಗಳು ಮಾಡುತ್ತವೆ.

ಮತ್ತು ಸವಾರರಿಗೆ. ನಾಳೆ ಬೆಳಿಗ್ಗೆ ಜೀನು ಹೊತ್ತು ಹೋದಾಗ ಅದನ್ನು ಬಾಗಿಲ ಮೇಲಿಡಿ. ಕುದುರೆಯ ಪಕ್ಕದಲ್ಲಿ ಒಂದು ನಿಮಿಷ ಸುಮ್ಮನೆ ನಿಂತು ಪಕ್ಕೆಯ ಗುಳಿ ನೋಡುತ್ತಾ ಎಣಿಸಿ, ಒಂದು ಪುಸ್ತಕದಲ್ಲಿ ಬರೆದಿಡಿ. ತಂಪಿನಲ್ಲಿ ವಿರಾಮವಾಗಿ ನಿಂತ ಕುದುರೆಯ ಲೆಕ್ಕ 16 ದಾಟಿದ್ದರೆ ಅವತ್ತು ಜೀನು ಗೂಟಕ್ಕೆ ವಾಪಸ್ ಹೋಗಲಿ, ಡಾಕ್ಟ್ರಿಗೆ ಫೋನ್ ಮಾಡಿ.